ಅವಳು ಯಾರಿಗೆ ಹೆದರಿದ್ದಳು

ಮಗಳು ತೀರಿಹೋದ ನಾಲ್ಕನೇ ತಿಂಗಳಿಗೆ ಪರಮೇಶ್ ಕರಾಟೆ ಕ್ಲಾಸಿಗೆ ಸೇರಿದ. ಹಿರಿಯೂರಿನಲ್ಲಿ ಈ ಸುದ್ದಿ ಕೇಳಿದವರು ಮೊದಲು ನಕ್ಕರು, ಆಮೇಲೆ ನಕ್ಕಿದ್ದಕ್ಕೆ ನಾಲಿಗೆ ಕಚ್ಚಿಕೊಂಡರು. ನಲವತ್ತೇಳು ವರ್ಷದ ಗಂಡಸು. ಮಾರಿಕಣಿವೆಯ ನಾಲೆಯ ಮೇಲೆ ತೂಬು ಎತ್ತಿ ಇಳಿಸುವ ನೀರಾವರಿ ಇಲಾಖೆಯ ಕೆಲಸ. ಮಂಡಿ ಆಗಲೇ ಕಟಕಟ ಅನ್ನುತ್ತಿತ್ತು. ಅಂಥವನು ಎಂಟು ಹತ್ತು ವರ್ಷದ ಮಕ್ಕಳ ಸಾಲಿನ ಕೊನೆಯಲ್ಲಿ ಬಿಳಿ ಬಟ್ಟೆ ತೊಟ್ಟು, ಬಿಳಿ ಬೆಲ್ಟು ಕಟ್ಟಿ ನಿಂತರೆ ಕುರಿಮರಿಗಳ ನಡುವೆ ಮುದಿ ಎತ್ತು ನಿಂತಂತೆ ಕಾಣುತ್ತಿತ್ತು.

"ಅಂಕಲ್, ಬೆಲ್ಟು ಹಂಗಲ್ಲ. ಪಂಚೆ ಕಟ್ಟಿದಂಗೆ ಕಟ್ಟೀರಿ," ಎಂದ ಪಕ್ಕದಲ್ಲಿದ್ದ ಶರಣ್ ಎಂಬ ಹುಡುಗ.

"ಲೇ ಶರಣ, ಬಾಯಿ ಮುಚ್ಚು. ನೀನು ಮೊದಲ್ನೇ ದಿನ ಚಡ್ಡಿ ಹಿಂದುಮುಂದು ಹಾಕ್ಕಂಡು ಬಂದಿದ್ದೆ," ಎಂದು ಮುಂದಿನ ಸಾಲಿನಿಂದ ಬಿಂದು ಬಂದು ಪರಮೇಶನ ಗಂಟು ಬಿಚ್ಚಿ ಸರಿಯಾಗಿ ಹಾಕಿದಳು. ಹದಿನಾರು ವರ್ಷದ ಹುಡುಗಿ, ಕಂದು ಬೆಲ್ಟು. ಮಗಳು ಮೋನಿಕಾ ಇದ್ದಾಗ ಇವಳೇ ಅವಳ ಜೋಡಿ. ಗಂಟು ಬಿಗಿಯುವಾಗ ಅವಳು ತಲೆ ಎತ್ತಿ ಅವನ ಮುಖ ನೋಡಲಿಲ್ಲ. ಅವನೂ ನೋಡಲಿಲ್ಲ.

ಕ್ಲಾಸು ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಶೇಂಗಾ ಮಿಲ್ಲಿನ ಷೆಡ್ಡಿನಲ್ಲಿ. ಯಂತ್ರಗಳನ್ನು ಎಂದೋ ಕಿತ್ತುಕೊಂಡು ಹೋಗಿದ್ದರೂ ನೆಲಕ್ಕೆ ಎಣ್ಣೆಯ ವಾಸನೆ ಹಾಗೇ ಉಳಿದಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮೋನಿಕಾ ಮನೆಗೆ ಬಂದಾಗ ಅವಳ ಬಟ್ಟೆಯಿಂದ ಬರುತ್ತಿದ್ದ ವಾಸನೆ ಅದೇ. ಹುಡುಗಿ ಎಲ್ಲೋ ಬೋಂಡ ತಿಂದು ಬರುತ್ತಾಳೆ ಎಂದುಕೊಂಡಿದ್ದ ಪರಮೇಶ್. ಮೂರು ವರ್ಷ ಹಾಗೇ ಅಂದುಕೊಂಡಿದ್ದ. ಒಂದು ದಿನವೂ ಆ ಷೆಡ್ಡಿನ ಬಾಗಿಲಿಗೆ ಬಂದು ನಿಂತಿರಲಿಲ್ಲ.

ಹದಿನೇಳು ವರ್ಷದ ಮಗಳು ಐದೇ ದಿನದ ಡೆಂಗಿ ಜ್ವರಕ್ಕೆ ಹೋಗಿಬಿಟ್ಟಳು. ಆರನೇ ದಿನಕ್ಕೆ ಮನೆಯಲ್ಲಿ ಉಳಿದದ್ದು ಪಿಯುಸಿ ಪುಸ್ತಕಗಳು, ಒಂದು ಸೈಕಲ್ಲು, ಮತ್ತು ಅಡುಗೆಮನೆಯ ಗೂಟಕ್ಕೆ ನೇತುಹಾಕಿದ ಕಂದು ಬಣ್ಣದ ಬೆಲ್ಟು. ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡುವ ದಿನ ಬಂದಿದ್ದ ಪರಮೇಶನ ಸೋದರಮಾವ ಕಾಟಲಿಂಗಪ್ಪ ಆ ಬೆಲ್ಟನ್ನು ಬಹಳ ಹೊತ್ತು ನೋಡಿದ. ಆಮೇಲೆ ಪರಮೇಶನನ್ನು ಹೊರಗೆ ಕರೆದು, ದನಿ ತಗ್ಗಿಸಿ ಹೇಳಿದ:

"ಅಲ್ಲಲೇ, ಹೆಣ್ಣುಕೂಸು ಸುಮ್‌ಸುಮ್ನೆ ಹೊಡೆದಾಟ ಕಲೀತೈತೇನಲೇ? ಯಾವನೋ ಕಾಟ ಕೊಟ್ಟಿರ್ಬೇಕು. ನಿನ್ ಮುಂದೆ ಹೇಳಾಕೆ ಹೆದರಿರ್ಬೇಕು, ಪಾಪ."

ಮಾವ ಊಟ ಮಾಡಿ ಊರಿಗೆ ಹೋದ. ಮಾತು ಮಾತ್ರ ಇಲ್ಲೇ ಉಳಿಯಿತು, ಅಂಗಾಲಿನಲ್ಲಿ ಮುರಿದ ಜಾಲಿಮುಳ್ಳಿನ ಹಾಗೆ. ಸತ್ತ ಮಗಳಿಗೆ ಅಳುವುದು ಒಂದು. ಬದುಕಿದ್ದಾಗ ಅವಳು ಯಾರಿಗೋ ಹೆದರಿಕೊಂಡು ಓಡಾಡಿದ್ದಳು, ಒಂದೇ ಸೂರಿನ ಕೆಳಗಿದ್ದ ತನಗೆ ಗೊತ್ತಾಗಲಿಲ್ಲ ಎಂಬುದು ಇನ್ನೊಂದು. ಅದಕ್ಕೆ ಅಳುವುದು ಹೇಗೆಂದು ಪರಮೇಶನಿಗೆ ಗೊತ್ತಿರಲಿಲ್ಲ. ಅವನು ಹುಡುಕತೊಡಗಿದ. ಅವಳು ಕಾಲೇಜಿಗೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರನನ್ನು ಕೇಳಿದ. ಅವಳ ಗೆಳತಿಯರನ್ನು ಕೇಳಿದ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗನ ಮುಂದೆ ಒಂದು ಗಂಟೆ ಸುಮ್ಮನೆ ನಿಂತು ಅವನ ಕಣ್ಣನ್ನೇ ನೋಡಿದ. ಆ ಹುಡುಗ ಬೆವೆತು, "ಏನ್ ಬೇಕು ಹೇಳ್ರಿ ಅಣ್ಣ," ಎಂದು ಮೂರು ಸಲ ಕೇಳಿದ ಮೇಲೆ ಪರಮೇಶ್ ಹೊರಟು ಬಂದ. ಎಲ್ಲರೂ ಒಂದೇ ಮಾತು ಹೇಳಿದರು: ಮೋನಿಕಾನ ತಂಟೆಗೆ ಯಾರು ಹೋಗ್ತಾರ್ರಿ, ಅದು ಕರಾಟೆ ಹುಡುಗಿ.

ಕೊನೆಗೆ ಅವನು ಕರಾಟೆ ಮಾಸ್ತರ ರಾಜಶೇಖರ್ ಹತ್ತಿರ ಬಂದಿದ್ದ. ಬೆಳಿಗ್ಗೆ ಒಂದು ಶಾಲೆಯಲ್ಲಿ ಆಟದ ಮೇಷ್ಟರು, ಸಂಜೆ ಇಲ್ಲಿ. ಹೆಚ್ಚು ಮಾತಿಲ್ಲದ ಮನುಷ್ಯ.

"ನನ್ ಮಗಳು ಇಲ್ಲಿಗೆ ಯಾಕೆ ಬಂದ್ಳು ಮಾಸ್ಟ್ರೆ? ನಿಮ್ಗೇನಾರ ಹೇಳಿದ್ಳಾ?"

"ನಾನು ಯಾರನ್ನೂ ಕೇಳಲ್ಲ ಪರಮೇಶಣ್ಣ," ಎಂದ ರಾಜಶೇಖರ್. "ಕುಂತ್ಕಳ್ರಿ."

ಷೆಡ್ಡಿನ ಮೂಲೆಯಲ್ಲಿ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿಯೊಂದಿತ್ತು. ಆ ಕ್ಲಾಸಿನ ಪದ್ಧತಿಯೇ ಅದು. ಸೇರಿದ ದಿನ ಪ್ರತಿಯೊಬ್ಬರೂ ತಾವು ಯಾಕೆ ಬಂದೆವು ಎಂದು ಒಂದು ಚೀಟಿಯಲ್ಲಿ ಬರೆದು, ಮಡಚಿ, ಮೇಲೆ ಹೆಸರು ಹಾಕಿ ಡಬ್ಬಿಗೆ ಹಾಕಬೇಕು. ಮಾಸ್ತರೂ ಓದುವ ಹಾಗಿಲ್ಲ. ಕಪ್ಪು ಬೆಲ್ಟು ಬಂದ ದಿನ ಬರೆದವರೇ ತೆಗೆದು ಓದಿಕೊಳ್ಳಬೇಕು.

"ಬಹಳ ಜನ ಓದಿ ನಗ್ತಾರೆ," ಎಂದ ರಾಜಶೇಖರ್. "ಯಾವನ್ನೋ ಹೊಡೀಬೇಕು ಅಂತ ಬರ್ದಿರ್ತಾರೆ. ಬೆಲ್ಟು ಬರೋ ಹೊತ್ತಿಗೆ ಆ ಯಾವನ ಹೆಸ್ರೇ ಮರ್ತಿರುತ್ತೆ. ಕೆಲವರು ಓದ್ದೇ ಜೇಬಿಗೆ ಇಟ್ಕಂಡು ಹೋಗ್ತಾರೆ."

"ಅವಳದ್ದು ಐತಾ?"

"ಐತೆ. ಜನವರಿಗೆ ಅವಳ ಬ್ಲಾಕ್ ಬೆಲ್ಟ್ ಪರೀಕ್ಷೆ ಇತ್ತು." ಅವನು ಡಬ್ಬಿಯ ಮೇಲೆ ಕೈಯಿಟ್ಟ. "ಹೋದೋರ ಚೀಟಿ ಏನ್ ಮಾಡ್ಬೇಕು ಅಂತ ನಂಗೂ ಗೊತ್ತಿಲ್ಲ. ಸುಮ್ನೆ ತೆಗೆದು ಕೊಡಾಕೆ ಮನಸ್ಸು ಬರ್ತಿಲ್ಲ, ಬೇಜಾರ್ ಮಾಡ್ಕಬ್ಯಾಡ್ರಿ."

ಪರಮೇಶ್ ಎದ್ದು ನಿಂತ. ಆಮೇಲೆ, "ಹಂಗಾದ್ರೆ ಅವಳ ಬದ್ಲಿ ನಾನು ಸೇರ್ಕಂತೀನಿ," ಎಂದ.

ರಾಜಶೇಖರ್ ನಗಲಿಲ್ಲ. ಯೋಚನೆ ಮಾಡಿ, "ಹಳದಿ ಬೆಲ್ಟ್ ತಗಳ್ರಿ. ಆಮೇಲೆ ಅವಳ ಚೀಟಿ ಕೊಡ್ತೀನಿ," ಎಂದು ಒಂದು ಖಾಲಿ ಚೀಟಿ ಮುಂದೆ ಇಟ್ಟ. ಪರಮೇಶ್ ಬರೆದ: ನನ್ನ ಮಗಳು ಯಾರಿಗೆ ಹೆದರಿದ್ದಳು ಎಂದು ತಿಳಿಯುವುದಕ್ಕೆ.

ಮೊದಲ ದಿನ ರಾಜಶೇಖರ್ ಎಲ್ಲರಿಗೂ ಕಾಲು ಹಾಕಿ ನಿಲ್ಲುವುದನ್ನು ಹೇಳಿಕೊಟ್ಟ. ಪರಮೇಶ್ ತಾನಾಗಿಯೇ ನಿಂತ ರೀತಿ ನೋಡಿ ಹತ್ತಿರ ಬಂದು ಕೇಳಿದ: "ಎಡಗೈಯೋರಾ ನೀವು?"

"ಇಲ್ಲ," ಎಂದ ಪರಮೇಶ್, ತಟ್ಟನೆ.

ಅದು ಸುಳ್ಳು ಹೇಳಬೇಕೆಂದು ಹೇಳಿದ ಸುಳ್ಳಲ್ಲ. ನಲವತ್ತು ವರ್ಷದ ರೂಢಿ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಎಡಚ ಹುಡುಗ ಅವನು. ಎಡಗೈಯಲ್ಲಿ ತುತ್ತು ಎತ್ತಿದರೆ ಅವ್ವ ಆ ಕೈಗೆ ಬೇವಿನ ಸೊಪ್ಪು ಅರೆದು ಹಚ್ಚುತ್ತಿದ್ದಳು. ಎಡಗೈಯಲ್ಲಿ ಹೂವು ಕೊಟ್ಟನೆಂದು ಪೂಜಾರಿ ಗುಡಿಯಿಂದ ಎಬ್ಬಿಸಿ ಕಳಿಸಿದ್ದ. ಶಾಲೆಯಲ್ಲಿ ಮೇಷ್ಟರು ಆ ಕೈಯ ಬೆರಳ ಗೆಣ್ಣುಗಳ ಮೇಲೆ ಹೊಡೆದು ಹೊಡೆದು ಬಳಪವನ್ನು ಬಲಗೈಗೆ ದಾಟಿಸಿದರು. ಒಂದು ವರ್ಷ ಎಡಗೈಯನ್ನು ಸೊಂಟಕ್ಕೆ ಹಳೆ ಸೀರೆಯ ಅಂಚಿನಿಂದ ಕಟ್ಟಿಹಾಕಿ ಉಣ್ಣಲು ಕೂರಿಸುತ್ತಿದ್ದರು. ಏಳು ತುಂಬುವ ಹೊತ್ತಿಗೆ ಹುಡುಗ ಸರಿಹೋದ ಎಂದರು. ಉಣ್ಣುವುದು, ಬರೆಯುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಗೆ ಬಂತು. ಇಲಾಖೆಯಲ್ಲಿ ಇಪ್ಪತ್ತು ವರ್ಷ ಜೊತೆಗೆ ದುಡಿದವರಿಗೂ ಅವನು ಎಡಚ ಎಂದು ಗೊತ್ತಿರಲಿಲ್ಲ. ಯೋಚನೆಗೆ ಸಿಗದ ಕೆಲವು ಮಾತ್ರ ಎಡಗೈಯಲ್ಲೇ ಉಳಿದಿದ್ದವು. ಬೀಳುವ ಲೋಟ ಹಿಡಿಯುವುದು. ಹಾವು ಕಂಡರೆ ಕಲ್ಲು ಎತ್ತುವುದು. ಸಿಟ್ಟು.

"ಸರಿ, ಬಲಗಾಲು ಹಿಂದಕ್ಕೆ ಹಾಕ್ರಿ," ಎಂದ ರಾಜಶೇಖರ್. ಅವನು ಹಾಕಿದ.

ದಿನಗಳು ಕಳೆದವು. ಹೆಜ್ಜೆಯ ಎಣಿಕೆ ಬಾಯಿಗೆ ಬಂತು, ಮಂಡಿ ನೋವು ರೂಢಿಯಾಯಿತು. ಮಕ್ಕಳು ಅವನನ್ನು ಮರೆತು ಆಡತೊಡಗಿದರು. ಅದು ಅವನಿಗೆ ಹಿತವಾಗಿತ್ತು. ಮುಂದಿನ ಸಾಲಿನಲ್ಲಿ ಬಿಂದು ಒಂದು ಹೆಜ್ಜೆ ಇಟ್ಟು ಸೊಂಟ ತಿರುಗಿಸಿ ಮುಷ್ಟಿ ಚಾಚಿದಾಗ, ಮೋನಿಕಾ ಹೀಗೆ ಮಾಡುತ್ತಿದ್ದಳೇ ಎಂದು ನೋಡುತ್ತಿದ್ದ. ಗೊತ್ತಾಗುತ್ತಿರಲಿಲ್ಲ. ಅವನು ಮಗಳ ಆಟವನ್ನು ಕಣ್ಣಿಂದ ನೋಡಿಯೇ ಇರಲಿಲ್ಲ, ಕಿವಿಯಿಂದ ಕೇಳಿದ್ದ ಅಷ್ಟೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ತಾರಸಿಯ ಮೇಲೆ ಧಪ್ ಧಪ್ ಎಂದು ಕಾಲಿನ ಸದ್ದು. "ಏನೇ ಅದು, ಮನೆ ಕೆಡವ್ತೀಯಾ?" ಎಂದು ಕೆಳಗಿನಿಂದ ಕೂಗುತ್ತಿದ್ದ. ಸದ್ದು ತಟ್ಟನೆ ನಿಲ್ಲುತ್ತಿತ್ತು. ಒಂದೊಂದು ಸಲ ಎರಡು ಜೊತೆ ಕಾಲಿನ ಸದ್ದು ಕೇಳಿದಂತಾಗುತ್ತಿತ್ತು. ಪಕ್ಕದ ಮನೆಯ ಹುಡುಗಿ ಬಂದಿರಬೇಕು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದ. ಎದ್ದು ಹದಿನಾಲ್ಕು ಮೆಟ್ಟಿಲು ಹತ್ತಿದ್ದರೆ ಈಗ ಕಣ್ಣಲ್ಲಿ ಒಂದಾದರೂ ಚಿತ್ರ ಇರುತ್ತಿತ್ತು.

ಮನೆಯಲ್ಲಿ ಹೆಂಡತಿ ಏಕನಾಥಮ್ಮ ಅವನ ಬಿಳಿ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ಒಗೆದು, ಮಗಳದ್ದನ್ನು ಹರವುತ್ತಿದ್ದ ಅದೇ ಹಗ್ಗಕ್ಕೆ ಹರವುತ್ತಿದ್ದಳು. ನೀವು ಯಾಕೆ ಹೋಗ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಮಗಳು ಹೋದ ಮೇಲೆ ಅವರ ಮನೆಯಲ್ಲಿ ದಿನಕ್ಕೆ ಹತ್ತು ಮಾತಾದರೆ ಹೆಚ್ಚು. ಅನ್ನ ಹಾಕ್ಲಾ. ನೀರು ಬಂತು. ಬಾಗ್ಲು ಹಾಕ್ಕಳಿ. ಮೊದಲೂ ಬಹಳ ಮಾತಿರಲಿಲ್ಲ. ಆದರೆ ಆಗ ನಡುವೆ ಮೋನಿಕಾ ಇದ್ದಳು, ಇಬ್ಬರ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು.

ಆಷಾಢದ ಗಾಳಿ ಬೀಸುವ ಹೊತ್ತಿಗೆ ಹಳದಿ ಬೆಲ್ಟಿನ ಪರೀಕ್ಷೆ ಬಂತು. ಪರಮೇಶ್ ಏದುಸಿರು ಬಿಡುತ್ತ, ಒಂದು ಕಡೆ ತಪ್ಪಿ ಮತ್ತೆ ಮೊದಲಿನಿಂದ ಮಾಡಿ, ಅಂತೂ ಮುಗಿಸಿದ. ಮಕ್ಕಳು ಚಪ್ಪಾಳೆ ಹೊಡೆದರು. "ಅಂಕಲ್ ಪಾಸು! ಮಂಡಕ್ಕಿ ಮೆಣಸಿನಕಾಯಿ ಕೊಡ್ಸಬೇಕು!" ಎಂದು ಶರಣ್ ಕುಣಿದ. ರಾಜಶೇಖರ್ ಬೆಲ್ಟು ಕಟ್ಟಿದ. ಆಮೇಲೆ ಡಬ್ಬಿ ತೆಗೆದು, ಚೀಟಿಗಳನ್ನು ಒಂದೊಂದಾಗಿ ಸರಿಸಿ, ನಾಲ್ಕು ಮಡಿಕೆಯ ಒಂದು ಚೀಟಿಯನ್ನು ಅವನ ಅಂಗೈಯಲ್ಲಿಟ್ಟ.

ಹಿಂದೊಮ್ಮೆ ಶೇಂಗಾ ಮೂಟೆ ಜೋಡಿಸುತ್ತಿದ್ದ ಕಟ್ಟೆಯ ಮೇಲೆ ಕುಳಿತು ಪರಮೇಶ್ ಅದನ್ನು ಬಿಚ್ಚಿದ. ಹದಿನಾಲ್ಕು ವರ್ಷದ ಮೋನಿಕಾಳ ದುಂಡನೆಯ ಅಕ್ಷರ.

"ಈ ಬಿಳಿ ಡ್ರೆಸ್ಸಲ್ಲಿ ನಾನು ಚೆನ್ನಾಗಿ ಕಾಣ್ತೀನಿ ಅಂತ ಬಿಂದು ಹೇಳಿದಳು. ಅದಕ್ಕೆ ಸೇರಿದೆ." ಕೆಳಗೆ ಜಡೆ ಹಾಕಿದ ಒಂದು ನಗುವ ಮುಖ.

ಅವನಿಗೆ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಇಷ್ಟೇ! ಒಂದು ಬಟ್ಟೆಯ ಆಸೆ! ಕಂಡಕ್ಟರನೂ ಇಲ್ಲ, ಜೆರಾಕ್ಸ್ ಹುಡುಗನೂ ಇಲ್ಲ, ಯಾವನೂ ಇಲ್ಲ. ನನ್ನ ಮಗಳು ಯಾರಿಗೂ ಹೆದರಿರಲಿಲ್ಲ. ಇಷ್ಟು ತಿಂಗಳು ಎದೆಯ ಮೇಲೆ ಕೂತಿದ್ದ ಬಂಡೆ ಸರಿದು, ಬರಿಯ ಸಾವು ಮಾತ್ರ ಉಳಿಯಿತು. ಬರಿಯ ಸಾವನ್ನು ಹೊರಬಹುದು ಅನ್ನಿಸಿತು ಅವನಿಗೆ. ಚೀಟಿಯನ್ನು ಮಡಚಿ ಎದೆಯ ಹತ್ತಿರ ಬಟ್ಟೆಯೊಳಗೆ ಇಟ್ಟುಕೊಂಡು ಮುಖ ಒರೆಸಿಕೊಂಡ.

"ಅಂಕಲ್," ಬಿಂದು ಬಂದು ನಿಂತಿದ್ದಳು. "ನಂಗೆ ಹೊಡೆಯೋರು ಬೇಕು. ಬರ್ತೀರಾ? ಮುಂದಿನ ತಿಂಗ್ಳು ನಂದು ಪರೀಕ್ಷೆ."

ಅವನು ಖುಷಿಯಿಂದಲೇ ಎದ್ದ. "ಬಾರಮ್ಮ. ಎಂಗೆ ಹೊಡೀಲಿ?"

"ಮೋನಿಕಕ್ಕ ಮಾಡಿಸ್ತಿತ್ತಲ್ಲ, ಹಂಗೆ ಮಾಡಾಣ. ಲೇ ಶರಣ, ಬಾರೋ, ನನ್ನ ಹಿಂದೆ ನಿಂತ್ಕ." ಶರಣ್ ಓಡಿಬಂದು ಅವಳ ಬೆನ್ನ ಹಿಂದೆ ಗೋಡೆಗೆ ಒರಗಿ, ಆಟದ ಹೆದರಿಕೆಯಲ್ಲಿ ಮುದುಡಿ ನಿಂತ. ಅವನಿಗೆ ಇದು ಹಳೆಯ ಆಟವೆಂದು ಕಾಣುತ್ತಿತ್ತು. "ನೀವು ಇವನಿಗೆ ಹೊಡೀಬೇಕು ಅಂಕಲ್. ನಾನು ಅಡ್ಡ ಬಂದು ತಡೀತೀನಿ. ಮುಷ್ಟಿ ಅಲ್ಲ, ಅಂಗೈ. ಮೇಲಿಂದ, ಕೆನ್ನೆಗೆ ಬರೋ ಹಂಗೆ. ಎಡಗೈಲಿ."

"ಎಡಗೈಲಿ ಯಾಕೆ?" ಎಂದ ಪರಮೇಶ್.

ದೂರದಲ್ಲಿದ್ದ ರಾಜಶೇಖರ್ ನಕ್ಕ. "ಅದೊಂದು ಹುಚ್ಚು ಇತ್ತು ಅವಳಿಗೆ. ದಾವಣಗೆರೆ ಪಂದ್ಯದಾಗೆ ಒಬ್ಬಳು ಎಡಚಿ ಕೈಲಿ ಸೋತಿದ್ಲು. ಆ ಸೇಡಿಗೆ."

"ಇಲ್ಲ ಸರ್, ಅದಕ್ಕಿಂತ ಮುಂಚಿಂದ್ಲೂ," ಎಂದಳು ಬಿಂದು. "ಸೇರಿದ ವಾರದಿಂದ್ಲೂ ಇದೇ. ನಮಗೆಲ್ಲ ಬಲಗೈ ಅಲ್ರೇ, ಎಡಗೈ, ಎಡಗೈ ಅಂತ ಬೈತಿತ್ತು. ಹಿಂದೆ ಇರೋರಿಗೆ ಒಂದೇಟೂ ಬೀಳಬಾರ್ದು, ಬಿದ್ರೆ ಮತ್ತೆ ಮೊದಲಿಂದ. ಹೊಡೀರಿ ಅಂಕಲ್."

ಪರಮೇಶನ ಎಡಗೈ ಮೇಲಕ್ಕೆ ಹೋಯಿತು. ತಲೆಯ ಎತ್ತರಕ್ಕೆ ಹೋಗಿ ಅಲ್ಲೇ ನಿಂತಿತು.

ಮನೆಯ ಬಾಗಿಲ ಹತ್ತಿರದ ಗೋಡೆ ಅವನಿಗೆ ನೆನಪಾಯಿತು. ಹೊಸದುರ್ಗದ ತವರಿಗೆ ಹೇಳದೆ ಹೋಗಿ ಬಂದಳೆಂದು ಆ ಗೋಡೆಗೆ ಒತ್ತಿ ಏಕನಾಥಮ್ಮನಿಗೆ ಹೊಡೆದ ದಿನ ಹುಡುಗಿ ಸ್ಕೂಲ್ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಅಳಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಅದಾಗಿ ಒಂದು ವಾರಕ್ಕೆ ಕರಾಟೆಯ ಫಾರಂ ತಂದು ಮುಂದೆ ಹಿಡಿದಿದ್ದಳು. ಅವನು ಬಲಗೈಯಲ್ಲಿ ಸಹಿ ಹಾಕಿದ್ದ.

ಆಮೇಲೆ ಇನ್ನೊಂದು ಸಲ. ಅದೇ ಕೊನೆಯ ಸಲ. ಕೈ ಬೀಸಿದಾಗ ಕೆನ್ನೆಗೆ ತಾಗಲಿಲ್ಲ, ನಡುವೆ ಗಟ್ಟಿಯಾಗಿ ಏನೋ ಬಂತು. ಮಗಳ ಮುಂಗೈ. ಎರಡು ದಿನ ಅವನ ಮಣಿಕಟ್ಟು ನೋಯುತ್ತಿತ್ತು. ಪಾಪ, ಹೆದರಿ ಕೈ ಅಡ್ಡ ತಂದಿದೆ ಕೂಸು ಎಂದುಕೊಂಡಿದ್ದ. ಅಂದಿನಿಂದ ಅವನು ಕೈ ಎತ್ತಿರಲಿಲ್ಲ. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತೆ ಕಣಪ್ಪ ಎಂದು ತೂಬಿನ ಹತ್ತಿರ ಜೊತೆಗಾರರಿಗೆ ಹೇಳಿಕೊಂಡಿದ್ದ, ಸ್ವಲ್ಪ ಹೆಮ್ಮೆಯಿಂದಲೇ.

"ಅಂಕಲ್?"

ಬಿಂದುವಿನ ಬೆನ್ನ ಹಿಂದಿನಿಂದ ಶರಣ್ ಇಣುಕಿ, "ಕೈ ಹಿಡ್ಕಂತಾ ಅಂಕಲ್?" ಎಂದ.

ಪರಮೇಶ್ ಕೈ ಇಳಿಸಿದ. "ನಂಗೆ ಎಡಗೈ ಬರಲ್ಲಮ್ಮ," ಎಂದ.

"ಪರವಾಗಿಲ್ಲ ಬಿಡ್ರಿ, ಬಲಗೈಲೇ ಹೊಡೀರಿ." ಅವನು ಬಲಗೈಯಲ್ಲಿ ಹೊಡೆದ. ಅವಳು ತಡೆದಳು. ಹತ್ತು ಸಲ, ಇಪ್ಪತ್ತು ಸಲ. ಮಾಸ್ತರು ಮುಗಿಯಿತು ಅಂದಾಗ ಎಲ್ಲರ ಜೊತೆ ಬಾಗಿ ನಮಸ್ಕಾರ ಮಾಡಿದ. ಎದೆಯ ಹತ್ತಿರದ ಚೀಟಿ ಬೆವರಿಗೆ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಹದಿನಾಲ್ಕು ವರ್ಷದ ಹುಡುಗಿ, ಯಾರೂ ಓದಬಾರದ ಚೀಟಿಯಲ್ಲೂ ಅಪ್ಪನ ಹೆಸರು ಬರೆದಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಏಕನಾಥಮ್ಮ ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತು ಮುದ್ದೆ ತೊಳಸುತ್ತಿದ್ದಳು. ಅವಳ ತಲೆಯ ಮೇಲುಗಡೆ ಗೂಟದಲ್ಲಿ ಮೋನಿಕಾಳ ಕಂದು ಬೆಲ್ಟು. ಪರಮೇಶನ ಬಲಗೈಯಲ್ಲಿ ಗಾಡಿಯ ಕೀ ಇತ್ತು, ಎಡಗೈಯಲ್ಲಿ ಸುತ್ತಿ ಹಿಡಿದ ಹಳದಿ ಬೆಲ್ಟು. ಅದನ್ನೂ ಅದೇ ಗೂಟಕ್ಕೆ ಹಾಕೋಣವೆಂದು, ಬೇರೇನೂ ಯೋಚಿಸದೆ, ಅವಳ ಪಕ್ಕ ನಿಂತು ಕೈ ಎತ್ತಿದ.

ಮುದ್ದೆಯ ಕೋಲು ನೆಲಕ್ಕೆ ಬಿತ್ತು. ಏಕನಾಥಮ್ಮನ ಮುಂಗೈ ಮೇಲೆದ್ದು ಬಂದು ಹಣೆಯ ಮುಂದೆ ಓರೆಯಾಗಿ ನಿಂತಿತ್ತು. ಮುಷ್ಟಿ ಬಿಗಿದು ಹೊರಕ್ಕೆ ತಿರುಗಿತ್ತು, ಮೊಣಕೈ ಕಿವಿಯ ಸಮಕ್ಕಿತ್ತು, ಇನ್ನೊಂದು ಮುಷ್ಟಿ ಸೊಂಟಕ್ಕೆ ಸೇರಿತ್ತು. ನಾಲ್ಕು ತಿಂಗಳು ಪರಮೇಶನಿಗೆ ಕೂಡಿಬರದೆ ಹೋದ ತಡೆ. ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಮೈ ನಲವತ್ತು ದಾಟಿದ ಹೆಂಗಸಿನದು. ಆ ಕೈ ಮಾತ್ರ ಅವಳದಲ್ಲ.

ಮೊದಲು ಅವಳೇ ಕೈ ಇಳಿಸಿ, ಹಿಟ್ಟಿನ ಕೋಲು ಹುಡುಕಿದಳು. "ಬೆಲ್ಟಾ? ನಾನೇನೋ ಅಂದ್ಕಂಡೆ. ಕೈ ತಾನಾಗೇ ಬಂತು."

"ಯಾವಾಗ ಕಲಿಸ್ತು?"

"ನೀವು ರಾತ್ರಿ ಡ್ಯೂಟಿ ಮುಗಿಸ್ಕಂಡು ಮಲಗಿದ್ದಾಗ. ಮ್ಯಾಲೆ ತಾರಸಿ ಮ್ಯಾಗೆ." ಅವಳು ಕೋಲನ್ನು ತೊಳೆದು ಮತ್ತೆ ಪಾತ್ರೆಗೆ ಇಟ್ಟಳು. "ನಾನು ಕಾಲೇಜಿಗೆ ದೂರ ಹೋದ್ರೆ ನಿಂಗೆ ಯಾರವ್ವ ಅಡ್ಡ ಬರ್ತಾರೆ ಅಂತಿತ್ತು. ನಂಗೆ ಬರಲ್ಲ ಕಣೆ ಅಂದ್ರೂ ಬಿಡ್ತಿರಲಿಲ್ಲ."

"ನಂಗೆ ಯಾಕೆ ಹೇಳಲಿಲ್ಲ ನೀನು?"

"ನೀವು ಊರಿಗೆ ಊರೇ ಕೇಳಿದ್ರಿ," ಎಂದಳು ಏಕನಾಥಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನನ್ನ ಕೇಳಲಿಲ್ಲ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪರಮೇಶ್ ಅವಳ ಎದುರಿಗೆ ನೆಲದ ಮೇಲೆ ಕುಳಿತ. ಅವನ ಕಣ್ಣು ಅವಳ ಬಲ ಮುಂಗೈಯ ಮೇಲಿತ್ತು, ಹಿಟ್ಟು ಮೆತ್ತಿದ, ಹಸಿರು ಬಳೆಯ ಆ ಮುಂಗೈಯ ಮೇಲೆ. ಮೂರು ವರ್ಷ ತಲೆಯ ಮೇಲೆಯೇ ಆಡಿದರೂ ಅವನು ನೋಡದೆ ಹೋದ ಮಗಳು ಈಗಷ್ಟೇ ಅಲ್ಲಿ ಒಂದು ಕ್ಷಣ ಬಂದು ನಿಂತಿದ್ದಳು.

"ಇನ್ನೊಂದ್ಸಲ ಮಾಡು," ಎಂದ. "ಒಂದೇ ಸಲ. ಅವಳು ಎಂಗೆ ಮಾಡ್ತಿದ್ಳು ಅಂತ ನೋಡ್ಬೇಕು."

ಏಕನಾಥಮ್ಮ ಕೈ ಎತ್ತಲು ನೋಡಿದಳು. ಕೈ ಅರ್ಧಕ್ಕೆ ಬಂದು, ದಾರಿ ಮರೆತಂತೆ ನಿಂತಿತು. ಮತ್ತೊಮ್ಮೆ ನೋಡಿದಳು. ಆಗಲಿಲ್ಲ.

"ಸುಮ್ನೆ ಮಾಡಾಕೆ ನಂಗೆ ಬರಲ್ಲ," ಎಂದಳು. "ನೀವು ಕೈ ಎತ್ತಿದ್ರೆ ಬರ್ತೈತೆ."

ಪರಮೇಶ್ ತನ್ನ ಎಡಗೈಯನ್ನು ನೋಡಿದ. ಹಳದಿ ಬೆಲ್ಟು ಇನ್ನೂ ಅದರಲ್ಲೇ ಇತ್ತು. ಅವಳು ಅವನನ್ನೇ ನೋಡುತ್ತ, ಕಾಯುತ್ತ ಕುಳಿತಿದ್ದಳು. ಅವನು ಆ ಕೈಯನ್ನು ಮಡಿಲಲ್ಲಿಟ್ಟು, ಅದರ ಮೇಲೆ ಬಲಗೈಯನ್ನು ಒತ್ತಿ ಹಿಡಿದುಕೊಂಡ. ಮುದ್ದೆ ಆರುವವರೆಗೂ ಹಾಗೇ ಹಿಡಿದುಕೊಂಡಿದ್ದ.